ಕ್ಲೇರ್: ಕಡಲ ದಂಡೆಗೆ ಒಂದೇ ಬೀದಿ

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಹ್ಯಾಲಿಫ್ಯಾಕ್ಸ್‌ಗೆ ಬಂದ ನೆಂಟರನ್ನು ಇಲ್ಲಿನ ಕನ್ನಡದವರು ಮೊದಲು ಕರೆದೊಯ್ಯುವುದು ಪೆಗ್ಗೀಸ್ ಕೋವ್‌ನ ದೀಪಸ್ತಂಭಕ್ಕೆ. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮತ್ತೆಯನ್ನೂ ಕರೆದೊಯ್ದಿದ್ದೆವು. ಬಂಡೆ, ಅಲೆ, ಗಾಳಿ ಎಲ್ಲ ನೋಡಿ, ಬಸ್ಸಿನಿಂದ ಇಳಿದ ಪ್ರವಾಸಿಗರ ದಂಡನ್ನೂ ನೋಡಿ, "ಚೆನ್ನಾಗಿದೆ ಕಣೆ. ಆದ್ರೆ ಈ ಊರಿನೋರು ಅಂತ ಒಬ್ರೂ ಕಾಣ್ಲಿಲ್ವಲ್ಲ?" ಅಂದರು. ಆಗಸ್ಟ್ ರಜೆಗೆ ಊರಿನವರೇ ಕಾಣಸಿಗುವಂಥ ಊರು ಬೇಕು ಎಂದು ಆಗಲೇ ತೀರ್ಮಾನವಾಯಿತು. ಇವರ ಆಫೀಸಿನ ಒಬ್ಬರು ಕ್ಲೇರ್ ಕಡೆಯವರು. "15ನೇ ತಾರೀಖು ಅಲ್ಲಿರಿ, ಪಾತ್ರೆ ತಗೊಂಡು ಹೋಗಿ" ಅಂತಷ್ಟೇ ಹೇಳಿ ನಕ್ಕರಂತೆ. ಆ ವಾರ ಇಡೀ ಕ್ಲೇರ್‌ನಲ್ಲಿ ಕೋಣೆ ಸಿಗುವುದು ಕಷ್ಟ. ನಾವು ಜೂನ್‌ನಲ್ಲೇ ಒಂದು ಮನೆಯ ಮಹಡಿ ಹಿಡಿದಿಟ್ಟಿದ್ದರಿಂದ ಬಚಾವಾದೆವು.

ಕ್ಲೇರ್ ಅಂದರೆ ಒಂದು ಊರಲ್ಲ. ನೋವಾ ಸ್ಕೋಷಿಯಾದ ನೈಋತ್ಯ ಮೂಲೆಯಲ್ಲಿ, ಸೇಂಟ್ ಮೇರಿ ಕೊಲ್ಲಿಯ ದಂಡೆಗೆ ಹಬ್ಬಿಕೊಂಡ ಹತ್ತಾರು ಹಳ್ಳಿಗಳ ಗ್ರಾಮೀಣ ಮುನಿಸಿಪಾಲಿಟಿ. ಒಟ್ಟು ಜನ ಹೆಚ್ಚುಕಡಿಮೆ ಎಂಟು ಸಾವಿರ. ಅದರಲ್ಲಿ ಹೆಚ್ಚಿನವರು ಅಕೇಡಿಯನ್ನರು, ಅಂದರೆ ಹಿಂದೆ ಫ್ರಾನ್ಸಿನಿಂದ ಬಂದು ನೆಲೆಸಿದವರ ವಂಶದವರು, ಮನೆಮಾತು ಫ್ರೆಂಚ್. ಇಂಗ್ಲಿಷಿನ ಪ್ರಾಂತದ ನಡುವೆ ಇವರ ಕೌನ್ಸಿಲ್ ಸಭೆ ಫ್ರೆಂಚಿನಲ್ಲಿ ನಡೆಯುತ್ತದೆ. ಶಾಲೆಯಲ್ಲಿ ಫ್ರೆಂಚ್ ಇಮ್ಮರ್ಶನ್, ಅಂದರೆ ಫ್ರೆಂಚಿನಲ್ಲೇ ಪಾಠ, ಓದುವ ನಮ್ಮ ಪುಟ್ಟಿ, ತಾನೇ ದುಭಾಷಿ ಎಂದು ಹೊರಡುವ ಮೊದಲೇ ಘೋಷಿಸಿಕೊಂಡಳು.

ಮೊದಲನೇ ದಿನ

101ನೇ ಹೆದ್ದಾರಿಯಲ್ಲಿ ಒಂದು ಗಂಟೆ ಹೋದರೆ ಗ್ರಾಂ ಪ್ರೆ. ಕ್ಲೇರ್‌ಗೆ ಹೋಗುವವರು ಇಲ್ಲಿ ಇಳಿಯದೆ ಹೋಗಬಾರದು. ಇಳಿಯದಿದ್ದರೆ ಮುಂದೆ ನೋಡುವುದಕ್ಕೆ ಅರ್ಥವೇ ಇರುವುದಿಲ್ಲ. ಸಮುದ್ರದ ಮಟ್ಟದಲ್ಲಿ ಹರಡಿಕೊಂಡ ಹಸಿರು ಬಯಲು. ಫ್ರಾನ್ಸಿನಿಂದ ಬಂದ ಅಕೇಡಿಯನ್ ರೈತರು 1680ರ ದಶಕದಿಂದ ಮಣ್ಣಿನ ಒಡ್ಡು ಕಟ್ಟಿ ಉಪ್ಪುನೀರನ್ನು ಹೊರಗೆ ತಳ್ಳಿ ಮಾಡಿಕೊಂಡ ಹೊಲ. ಒಡ್ಡಿನ ಬುಡದಲ್ಲಿ ಮರದ ತೂಬು, ಅದಕ್ಕೊಂದು ಕದ. ಇಳಿತದಲ್ಲಿ ಹೊಲದ ನೀರು ಕದ ತಳ್ಳಿ ಹೊರಗೆ ಹೋಗುತ್ತದೆ, ಉಬ್ಬರ ಬಂದಾಗ ಕಡಲೇ ಆ ಕದವನ್ನು ಒತ್ತಿ ಮುಚ್ಚುತ್ತದೆ. ಅಲ್ಲಿಟ್ಟಿದ್ದ ಹಳೆಯ ತೂಬೊಂದರ ಮುಂದೆ ಅತ್ತೆ ಬಹಳ ಹೊತ್ತು ನಿಂತರು. ಬ್ರಿಟಿಷ್ ದೊರೆಗೆ ಬೇಷರತ್ತಾಗಿ ನಿಷ್ಠೆಯ ಪ್ರಮಾಣ ಮಾಡಲಿಲ್ಲ ಎಂದು 1755ರಲ್ಲಿ ಗವರ್ನರ್ ಲಾರೆನ್ಸ್ ಇವರನ್ನು ಒಕ್ಕಲೆಬ್ಬಿಸಿ ಹಡಗು ಹತ್ತಿಸಿದ. ಮುಂದಿನ ಎಂಟು ವರ್ಷಗಳಲ್ಲಿ ಗಡೀಪಾರಾದವರು ಹತ್ತು ಸಾವಿರಕ್ಕೂ ಮೇಲೆ. ಮರಳಬಹುದು ಎಂದು 1764ರಲ್ಲಿ ಅಪ್ಪಣೆಯಾಗುವ ಹೊತ್ತಿಗೆ ಹೊಲಗಳನ್ನು ನ್ಯೂ ಇಂಗ್ಲೆಂಡಿನಿಂದ ಬಂದವರಿಗೆ ಹಂಚಿ ಆಗಿತ್ತು.

"ಮತ್ತೆ ಅವರು ಎಲ್ಲಿಗೆ ಹೋದ್ರು?" ಅತ್ತೆ ಕೇಳಿದರು. ಅವರ ತವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಹೋದ ಊರು. ಹೊಲ ಹೋಯಿತು ಅನ್ನುವ ಕಥೆಯಲ್ಲಿ ಅವರಿಗೆ ಆಸಕ್ತಿ ಕಡಿಮೆ, ಆಮೇಲೆ ಏನು ಮಾಡಿದರು ಅನ್ನುವುದೇ ಮುಖ್ಯ.

ಎಲ್ಲಿಗೆ ಅಂದರೆ, ನಾವು ಹೊರಟಿದ್ದ ಕಡೆಗೇ. ಆನಾಪೊಲಿಸ್ ಕಣಿವೆಯ ಸೇಬಿನ ತೋಟಗಳೆಲ್ಲ ಮುಗಿದು, ಡಿಗ್ಬಿ ದಾಟಿ, ವೇಮತ್ ಹತ್ತಿರ ಹೆದ್ದಾರಿ ಬಿಟ್ಟು 1ನೇ ನಂಬರ್ ರಸ್ತೆಗೆ ಇಳಿಯಬೇಕು. 101ರಲ್ಲೇ ಮುಂದೆ ಹೋದರೆ ಎರಡೂ ಬದಿ ಕಾಡು ಬಿಟ್ಟು ಇನ್ನೇನೂ ಕಾಣುವುದಿಲ್ಲ. ಕ್ಲೇರ್ ಇರುವುದೆಲ್ಲ ಕೆಳಗಿನ ರಸ್ತೆಯಲ್ಲಿ. ಒಂದು ಕಡೆ ಕೊಲ್ಲಿ, ಒಂದು ಕಡೆ ಮನೆ, ಮನೆಯ ಹಿಂದೆ ಕಾಡಿನವರೆಗೆ ಉದ್ದುದ್ದ ಪಟ್ಟಿಯಂಥ ಜಮೀನು. ಒಂದು ಹಳ್ಳಿ ಮುಗಿದು ಇನ್ನೊಂದು ಶುರುವಾಗಿದ್ದು ಬೋರ್ಡು ನೋಡಿದರಷ್ಟೇ ಗೊತ್ತು. ಲೋಕದಲ್ಲೇ ಉದ್ದವಾದ ಮುಖ್ಯಬೀದಿ ತಮ್ಮದು ಎಂದು ಇಲ್ಲಿಯವರು ತಮಾಷೆ ಮಾಡುವುದುಂಟು. ನೀಲಿ, ಬಿಳಿ, ಕೆಂಪು ಪಟ್ಟೆ, ನೀಲಿಯ ಮೇಲೊಂದು ಹಳದಿ ನಕ್ಷತ್ರ: ಈ ಬಾವುಟ ಬರೀ ಕಂಬದ ಮೇಲಿಲ್ಲ. ಅಂಚೆ ಡಬ್ಬಿಗೆ ಬಳಿದಿದ್ದಾರೆ, ಕೊಟ್ಟಿಗೆಯ ಬಾಗಿಲಿಗೆ, ಮುರಿದ ದೋಣಿಗೆ, ಒಬ್ಬರಂತೂ ಗ್ಯಾಸ್ ಟ್ಯಾಂಕಿಗೇ ಬಳಿದಿದ್ದರು.

ಮೊದಲು ಸಿಗುವ ಸೇಂಟ್ ಬರ್ನಾರ್ಡ್ ಅನ್ನುವ ಪುಟ್ಟ ಹಳ್ಳಿಯಲ್ಲಿ ಕೋಟೆಯಂಥ ಗ್ರಾನೈಟ್ ಚರ್ಚಿದೆ. 1910ರಲ್ಲಿ ಶುರುಮಾಡಿ 1942ರಲ್ಲಿ ಮುಗಿಸಿದ್ದು. ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡದು ಯಾಕೆ ಎಂದು ಇವರು ಕೇಳಿದರೆ, "ಕಳ್ಕೊಂಡೋರು ದೊಡ್ಡದೇ ಕಟ್ತಾರೆ" ಎಂದು ಅತ್ತೆ ಕಾರಿನಿಂದ ಇಳಿಯದೆಯೇ ತೀರ್ಪು ಕೊಟ್ಟರು.

ಬೆಲಿವೊ ಕೋವ್‌ನ ಧಕ್ಕೆಗೆ ಹೋದಾಗ ಸಂಜೆ, ಪೂರ್ತಿ ಇಳಿತ. ಈ ಕೊಲ್ಲಿ ಫಂಡಿ ಕೊಲ್ಲಿಯ ಬಾಯಲ್ಲಿದೆ. ಲೋಕದಲ್ಲೇ ಅತಿ ಎತ್ತರದ ಉಬ್ಬರವಿಳಿತದ ಫಂಡಿಯ ಪ್ರತಾಪ ಇಲ್ಲಿಗೂ ತಟ್ಟುತ್ತದೆ. ದೋಣಿಗಳು ಎಲ್ಲೋ ಕೆಳಗೆ ಕೆಸರಿನಲ್ಲಿ ಕೂತಿದ್ದವು. ಅವುಗಳಿಗೆ ಇಳಿಯಲು ಧಕ್ಕೆಯ ಗೋಡೆಗೆ ಏಣಿ. ಪುಟ್ಟಿ ಬಗ್ಗಿ ನೋಡುತ್ತಿದ್ದಾಗ ಬಲೆ ಹೆಣೆಯುತ್ತಿದ್ದ ಅಜ್ಜನೊಬ್ಬ ಫ್ರೆಂಚಿನಲ್ಲಿ ಏನೋ ಕೇಳಿದ. ನಮ್ಮ ದುಭಾಷಿ ತಬ್ಬಿಬ್ಬು. ಅಜ್ಜ ನಿಧಾನವಾಗಿ ಇನ್ನೊಮ್ಮೆ ಹೇಳಿದ ಮೇಲೆ ಗೊತ್ತಾಯಿತು: "ನೀನು ಯಾರ ಮಗಳು?"

ಇಲ್ಲಿ ಅದೇ ಮೊದಲ ಪ್ರಶ್ನೆಯಂತೆ. ಹೆಸರು ಕೇಳಿ ಪ್ರಯೋಜನವಿಲ್ಲ. ಕೊಮೋ, ತಿಬೊದೊ, ಲೆಬ್ಲಾಂ, ಸೋನಿಯೇ, ಬೆಲಿವೊ ಇಷ್ಟರಲ್ಲೇ ಅರ್ಧ ಊರು ಮುಗಿಯುತ್ತದೆ. ಹಾಗಾಗಿ ಅಪ್ಪನ ಹೆಸರು, ಅವನಪ್ಪನ ಹೆಸರು ಕಟ್ಟಿ ಹೇಳಬೇಕು. ಅಜ್ಜ ತನ್ನದನ್ನೂ ಹಾಗೇ ನಾಲ್ಕು ತಲೆ ಹಿಂದಕ್ಕೆ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಪುಟ್ಟಿ ಅರ್ಥ ಹೇಳಿದ್ದೇ ತಡ, ಅತ್ತೆ ಕೈ ಎದೆಗಿಟ್ಟುಕೊಂಡು ತಮ್ಮ ಮಾವನ ಹೆಸರು, ಅವರ ಅಪ್ಪನ ಹೆಸರು, ಮನೆ ಹೆಸರು ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ಅಜ್ಜ ಗಂಭೀರವಾಗಿ ತಲೆಯಾಡಿಸಿದ.

ಧಕ್ಕೆಯ ಮೇಲೆ ಆಳೆತ್ತರಕ್ಕೆ ಲಾಬ್‌ಸ್ಟರ್ ಬೋನುಗಳನ್ನು ಪೇರಿಸಿಟ್ಟಿದ್ದರು. ಆಗಸ್ಟ್‌ನಲ್ಲಿ ಇಲ್ಲಿ ಲಾಬ್‌ಸ್ಟರ್ ಹಿಡಿಯುವಂತಿಲ್ಲ. ನವೆಂಬರ್ ಕೊನೆಯ ಸೋಮವಾರ ಶುರು, ಮೇ ಕೊನೆಗೆ ಬಂದ್. ದೋಣಿಗೆ 375 ಬೋನು. ಮೊದಲ ದಿನ ಬೆಳಗಿನ ಜಾವ ಎಲ್ಲ ದೋಣಿಗಳೂ ಬೋನು ಹೇರಿಕೊಂಡು ಒಟ್ಟಿಗೆ ಹೊರಡುವಾಗ ಹೆಂಡತಿ ಮಕ್ಕಳೆಲ್ಲ ಧಕ್ಕೆಗೆ ಬಂದು ನಿಲ್ಲುತ್ತಾರಂತೆ. "ಅಂಥ ಚಳೀಲಿ ಯಾಕೆ ಹೋಗ್ಬೇಕು, ಬೇಸಿಗೇಲಿ ಹಿಡಿಯಕ್ಕೆ ಏನು ದಾಡಿ?" ಎಂದು ಅತ್ತೆ. ಅಜ್ಜನ ಉತ್ತರ: ಬೇಸಿಗೆಯಲ್ಲಿ ಅದು ಚಿಪ್ಪು ಕಳಚುತ್ತದೆ, ಹೊಸ ಚಿಪ್ಪು ಮೆತ್ತಗೆ, ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚು, ಚಳಿಗಾಲಕ್ಕೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಒಡ್ಡು ಕಟ್ಟಿ ಗೋಧಿ ಬೆಳೆಯುತ್ತಿದ್ದವರ ಮೊಮ್ಮಕ್ಕಳು ಹೀಗೆ ಕಡಲಿಗೆ ಇಳಿದದ್ದು ಆಸೆಯಿಂದಲ್ಲ. ಇಲ್ಲಿ ಸಿಕ್ಕಿದ್ದು ಕಲ್ಲುನೆಲ, ಬೇರೆ ದಾರಿ ಇರಲಿಲ್ಲ.

ರಾತ್ರಿ ಊಟಕ್ಕೆ ಮೊಸರನ್ನ. ಸಸ್ಯಾಹಾರಿಗಳು ಈ ಕಡೆ ಬರುವುದಾದರೆ ಕುಕ್ಕರ್ ಕಾರಿನಲ್ಲಿರಲಿ.

ಎರಡನೇ ದಿನ

ಬೆಳಿಗ್ಗೆ ಎದ್ದರೆ ಕೊಲ್ಲಿಯೂ ಇಲ್ಲ, ಎದುರು ಮನೆಯೂ ಇಲ್ಲ, ಮಂಜು. ಆಗುಂಬೆಯ ಮಳೆಗಾಲ ನೋಡಿದವರಿಗೆ ಹೊಸದೇನಲ್ಲ, ಆದರೆ ಇದು ಉಪ್ಪುಪ್ಪು. ಹತ್ತು ಗಂಟೆಗೆ ಕರಗುತ್ತದೆ ಎಂದು ಮನೆಯೊಡತಿ ಹೇಳಿದ್ದು ಹನ್ನೊಂದೂವರೆಗೆ ನಿಜವಾಯಿತು.

ಮಂಜು ಹರಿದಾಗ ಚರ್ಚ್ ಪಾಯಿಂಟ್‌ನಲ್ಲಿ ಮೊದಲು ಕಂಡದ್ದು ಗೋಪುರದ ತುದಿ. ಸ್ಯಾಂತ್ ಮಾರಿ ಚರ್ಚಿನ ಗೋಪುರ 56 ಮೀಟರ್, ಎಲ್ಲ ಮರ. ಉತ್ತರ ಅಮೆರಿಕದ ಮರದ ಚರ್ಚುಗಳಲ್ಲಿ ಇದಕ್ಕಿಂತ ಎತ್ತರದ್ದಿಲ್ಲ ಎನ್ನುತ್ತಾರೆ. ಫ್ರಾನ್ಸಿನ ವಾಸ್ತುಶಿಲ್ಪಿಯೊಬ್ಬ ನಕ್ಷೆ ಕಳಿಸಿದ, ಊರಿನವರು 1903ರಿಂದ 1905ರೊಳಗೆ ಕಟ್ಟಿ ನಿಲ್ಲಿಸಿದರು. ಮುಂದೆ ನಿಂತು ಕಟ್ಟಿಸಿದ ಬಡಗಿ ಲಿಯೊ ಮೆಲಾನ್ಸನ್‌ಗೆ ಓದು ಬರಹ ಬರುತ್ತಿರಲಿಲ್ಲವಂತೆ. ಕೊಲ್ಲಿಯ ಗಾಳಿಗೆ ಗೋಪುರ ಓಲಾಡದಿರಲಿ ಎಂದು ಅದರೊಳಗೆ 40 ಟನ್ ಕಲ್ಲು ತುಂಬಿದ್ದಾರೆ. ಹಡಗಿನ ತಳಕ್ಕೆ ಭಾರ ಹಾಕುವ ಜನ, ದೇವರ ಮನೆಗೂ ಅದೇ ಲೆಕ್ಕ ಹಾಕಿದ್ದಾರೆ.

ಈಗ ಅದಕ್ಕೆ ಬೀಗ. 2019ರ ಕೊನೆಯಿಂದ ಪೂಜೆ ನಿಂತಿದೆ. ಗೋಡೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು, ಬೇಲಿಯ ಈಚೆಯಿಂದಲೇ ನೋಡಿ ಬಂದೆವು. ಪಕ್ಕದ ಸ್ಮಶಾನದಲ್ಲಿ ಹೂವಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದು ಇಂಗ್ಲಿಷಿನಲ್ಲೇ ಮಾತಾಡಿಸಿದರು. ತಮ್ಮ ಮದುವೆ, ಮಕ್ಕಳ ನಾಮಕರಣ ಎಲ್ಲ ಇಲ್ಲೇ ಆದದ್ದು ಎಂದರು. ರಿಪೇರಿಗೆ ಕೋಟಿಗಟ್ಟಲೆ ಬೇಕು, ಭಾನುವಾರ ಬರುವ ಜನ ಕಡಿಮೆ. "ಎರಡು ವರ್ಷದಲ್ಲಿ ಕಟ್ಟಿದರು, ನಾವು ಎಷ್ಟು ವರ್ಷದಿಂದ ಮೀಟಿಂಗ್ ಮಾಡ್ತಾ ಇದ್ದೀವಿ!" ಎಂದು ನಕ್ಕರು. ನನಗೆ ಮಾತ್ರ ಸಿಟ್ಟೇ ಬಂತು. ಇಂಥದ್ದೊಂದು ಬೇರೆಲ್ಲಿದೆ ಎಂದು ಯಾರೂ ಕೇಳುವುದಿಲ್ಲವೆ?

ಎದುರಿಗೇ ಯೂನಿವೆರ್ಸಿತೆ ಸ್ಯಾಂತ್ ಆನ್, 1890ರಲ್ಲಿ ಪಾದ್ರಿಗಳು ಶುರುಮಾಡಿದ್ದು; ಪ್ರಾಂತದ ಒಂದೇ ಒಂದು ಫ್ರೆಂಚ್ ವಿಶ್ವವಿದ್ಯಾಲಯ. ಇಲ್ಲಿ ವಾರಗಟ್ಟಲೆಯ ಭಾಷಾ ಶಿಬಿರಕ್ಕೆ ಬರುವ ಹುಡುಗರು ಫ್ರೆಂಚ್ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಬರೆದುಕೊಡಬೇಕು. ಸಿಕ್ಕಿಬಿದ್ದರೆ ಎಚ್ಚರಿಕೆ, ಮತ್ತೆ ಮತ್ತೆ ಸಿಕ್ಕಿಬಿದ್ದರೆ ಮನೆಗೆ. ಇದನ್ನು ಕೇಳಿ ಪುಟ್ಟಿಯ ಮುಖ ಸಣ್ಣಗಾಯಿತು. ಅಜ್ಜಿಗೆ ಭಾರೀ ಖುಷಿ: "ನಮ್ಮನೇಲೂ ಕನ್ನಡಕ್ಕೆ ಹಿಂಗೇ ಮಾಡು."

ಮಧ್ಯಾಹ್ನ ರಾಪ್ಯೂರ್. ಕ್ಲೇರ್‌ಗೆ ಬಂದು ಇದನ್ನು ತಿನ್ನದೆ ಹೋದವರನ್ನು ಇಲ್ಲಿ ಲೆಕ್ಕಕ್ಕಿಡುವುದಿಲ್ಲ. ಅಂಗಡಿಯ ಹುಡುಗಿ ಮಾಡುವ ವಿಧಾನ ಹೇಳಿದಳು. ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಹಿಂಡಿ ನೀರನ್ನೆಲ್ಲ ತೆಗೆಯಬೇಕು. ಎಷ್ಟು ನೀರು ಹೋಯಿತೋ ಅಷ್ಟೇ, ಕುದಿಯುವ ಕೋಳಿಯ ಸಾರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ತಿರುವಬೇಕು, ಆಗ ತುರಿ ಬೆಂದು ಅಂಟಂಟಾಗುತ್ತದೆ. ಒಂದು ಪದರ ಅದು, ನಡುವೆ ಕೋಳಿ ಇಲ್ಲವೆ ಚಿಪ್ಪುಮೀನು, ಮೇಲೆ ಇನ್ನೊಂದು ಪದರ, ಉಪ್ಪು ಹಂದಿಯ ತುಣುಕು. ಎರಡು ಮೂರು ಗಂಟೆ ಒಲೆಯಲ್ಲಿ. ಹೊರಗೆ ಕಂದು ಕರಕಲು, ಒಳಗೆ ನೋಡಿದರೆ ಹಲಸಿನ ಹಪ್ಪಳಕ್ಕೆ ಕುಟ್ಟಿದ ಹಿಟ್ಟು. ಮೊದಲ ತುತ್ತಿಗೆ ಇವರು ಮುಖ ಸಿಂಡರಿಸಿದರು, ಮೂರನೆಯದಕ್ಕೆ ಸುಮ್ಮನಾದರು, ಆಮೇಲೆ ನನ್ನ ತಟ್ಟೆಗೂ ಕೈ ಹಾಕಿದರು. ಇದರ ಮೇಲೆ ಬೆಣ್ಣೆಯೋ ಕಾಕಂಬಿಯೋ ಎಂಬ ಬಗ್ಗೆ ಪಕ್ಕದ ಮೇಜಿನ ಗಂಡಹೆಂಡತಿಯೇ ಒಪ್ಪಲಿಲ್ಲ. ಅತ್ತೆಗೆ ಬ್ಲೂಬೆರಿ ಪೈ; ಆಗಸ್ಟ್‌ನಲ್ಲಿ ಕಾಡು ಬ್ಲೂಬೆರಿಯ ಸುಗ್ಗಿ, ಮಿಕ್ಕ ಕಾಲದಲ್ಲಿ ಈ ರುಚಿ ಇರುವುದಿಲ್ಲ.

ಚಿಪ್ಪುಮೀನಿಗೆ ಇಲ್ಲಿ ಒಂದು ಊರೇ ಇದೆ. ಚರ್ಚ್ ಪಾಯಿಂಟಿನ ಪಕ್ಕದ ಗ್ರೋಸ್ ಕೋಕ್, ಹೆಸರಿನ ಅರ್ಥವೇ ದೊಡ್ಡ ಚಿಪ್ಪುಮೀನು. ಮೊದಲು ಬಂದು ನೆಲೆಸಿದವರು ಆ ದಂಡೆಯ ದೊಡ್ಡ ಚಿಪ್ಪುಮೀನು ಅಗೆದು ತಿಂದೇ ಚಳಿಗಾಲ ಕಳೆದರಂತೆ. 1768ರಲ್ಲಿ ಜೋಸೆಫ್ ದ್ಯುಗಾ ಎಂಬಾತ ಹೆಂಡತಿಯೊಡನೆ ಬಂದದ್ದು ಮೊದಲ ಸಂಸಾರ. ದಂಡೆಯಲ್ಲಿ ಅವರ ಕಾಲದ ಸ್ಮಶಾನವಿದೆ, ಒಂದು ಗೂಡಿನಂಥ ಚಾಪೆಲ್ ಇದೆ. ಅಲ್ಲಿ ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಂದರು.

ಸಂಜೆ ಪಾತ್ರೆಯ ರಹಸ್ಯ ಬಯಲಾಯಿತು. ಆಗಸ್ಟ್ 15 ಅಕೇಡಿಯನ್ನರ ರಾಷ್ಟ್ರೀಯ ದಿನ. ಕನ್ಯಾಮರಿಯಮ್ಮನ ಸ್ವರ್ಗಾರೋಹಣದ ಹಬ್ಬವನ್ನೇ 1881ರ ಸಮಾವೇಶದಲ್ಲಿ ಆರಿಸಿಕೊಂಡದ್ದು. ಅವತ್ತು 'ಟಿಂಟಮಾರ್': ಬಾವುಟ ಹೊದ್ದು, ಮುಖಕ್ಕೆ ಮೂರು ಬಣ್ಣ ಬಳಿದುಕೊಂಡು, ಕೈಗೆ ಸಿಕ್ಕ ಬಾಣಲೆ, ಮುಚ್ಚಳ, ತಗಡು ಬಡಿಯುತ್ತ ಬೀದಿಯಲ್ಲಿ ಮೆರವಣಿಗೆ. ನಾವಿನ್ನೂ ಇದ್ದೇವೆ ಎಂದು ಸದ್ದು ಮಾಡಿ ಹೇಳುವುದು, ಅಷ್ಟೇ ಕಾರ್ಯಕ್ರಮ. ನ್ಯೂ ಬ್ರನ್ಸ್‌ವಿಕ್‌ನ ಕಾರಕೆಟ್‌ನಲ್ಲಿ ಇದನ್ನು ಸಂಜೆ 17:55ಕ್ಕೆ ಶುರುಮಾಡುತ್ತಾರೆ, 1755ರ ಲೆಕ್ಕಕ್ಕೆ.

ಅತ್ತೆ ಮೊಸರನ್ನದ ಸ್ಟೀಲ್ ತಟ್ಟೆ, ಸೌಟು ಹಿಡಿದು ನಮಗಿಂತ ಮುಂದೆ ನಿಂತರು. ಅವರ ಸೀರೆ ಸೆರಗಿಗೆ ಬೆಳಿಗ್ಗೆ ಸಿಕ್ಕಿಸಿಕೊಂಡಿದ್ದ ನಮ್ಮ ತ್ರಿವರ್ಣದ ಪಿನ್ ಹಾಗೇ ಇತ್ತು. ಇವತ್ತು ನಮ್ಮದೂ ಹಬ್ಬ ಎಂದು ಪುಟ್ಟಿ ಯಾರಿಗೋ ಹೇಳಿದಳು, ಆ ಯಾರೋ ಮೈಕಿನವನಿಗೆ ಹೇಳಿದರು, ಮೈಕಿನವನು ಊರಿಗೆಲ್ಲ ಹೇಳಿದ. ತಗಡುಗಳ ದಪ್ಪ ಸದ್ದಿನಲ್ಲಿ ಸ್ಟೀಲ್ ತಟ್ಟೆಯ ಠಣಠಣ ಬೇರೆಯೇ ಕೇಳುತ್ತಿತ್ತು. ರಾತ್ರಿ ಕೈನೋವಿಗೆ ಅಮೃತಾಂಜನ.

ಮೂರನೇ ದಿನ

ದಕ್ಷಿಣಕ್ಕೆ ಹೋಗುತ್ತ ಮೆಟೆಗನ್ ನದಿಯ ಹತ್ತಿರ ಹಡಗು ಕಟ್ಟೆ, ಆಮೇಲೆ ಮೆಟೆಗನ್ ಬಂದರು. ಕಾರಿನ ರೇಡಿಯೊದಲ್ಲಿ 104.1, ಈ ಕೊಲ್ಲಿಯದೇ ಸಮುದಾಯ ಬಾನುಲಿ. ಹಾಡಿನ ನಡುವೆ ಅಜ್ಜಿಯರ ಹುಟ್ಟುಹಬ್ಬದ ಶುಭಾಶಯ. ಪೆಟ್ರೋಲ್ ಬಂಕಿನಲ್ಲಿ ಇಬ್ಬರು ಹುಡುಗರು ಟ್ರಕ್ಕಿನ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. ಬಿಡಿಭಾಗಗಳೆಲ್ಲ ಇಂಗ್ಲಿಷ್, ಕ್ರಿಯಾಪದವೆಲ್ಲ ಫ್ರೆಂಚ್, ಅದೂ ಪ್ಯಾರಿಸ್ಸಿನವರು ಯಾವತ್ತೋ ಬಿಟ್ಟ ಹಳೆಯ ರೂಪಗಳು. "ನಮ್ಮ ಟೀಚರ್ ಕೇಳಿದ್ರೆ ಕೆಂಪು ಗೆರೆ ಎಳೀತಾರೆ" ಅಂದಳು ಪುಟ್ಟಿ. ಎಳೆಯಲಿ. ಗ್ರೀಸ್ ಮೆತ್ತಿದ ಕೈಗಳ ಜೊತೆ ಭಾಷೆ ಇಲ್ಲಿ ಬದುಕಿದೆ, ಬೋರ್ಡಿನ ಮೇಲೆ ಎಷ್ಟು ಶುದ್ಧವಾಗಿದೆ ಎಂಬುದು ನನಗೆ ಮುಖ್ಯ ಅನ್ನಿಸಲಿಲ್ಲ.

ಮೆಟೆಗನ್ ಸ್ಮಶಾನದಲ್ಲಿ ಜೆರೋಮ್ ಎಂಬುವನ ಕಲ್ಲಿದೆ. 1863ರಲ್ಲಿ ಕೊಲ್ಲಿಯ ಆಚೆ ಬದಿಯ ಸ್ಯಾಂಡಿ ಕೋವ್‌ನ ದಂಡೆಯಲ್ಲಿ ಒಬ್ಬ ಯುವಕ ಬಿದ್ದಿದ್ದ, ಎರಡೂ ಕಾಲು ಕತ್ತರಿಸಿ ಹೋಗಿದ್ದವು, ಯಾರೋ ವೈದ್ಯ ಮಾಡಿದಂತೆ ಅಚ್ಚುಕಟ್ಟಾಗಿ. ಯಾರು, ಎಲ್ಲಿಯವನು ಎಂದರೆ ಮಾತಿಲ್ಲ. 'ಜೆರೋಮ್' ಎಂಬಂಥ ಒಂದು ಉಲಿ ಅಷ್ಟೇ. ಹಲವು ಭಾಷೆ ಬಲ್ಲ ಕಾರ್ಸಿಕಾದವನೊಬ್ಬ ಮೆಟೆಗನ್‌ನಲ್ಲಿದ್ದಾನೆಂದು ಇಲ್ಲಿಗೆ ತಂದು ಬಿಟ್ಟರು. ಅವನಿಗೂ ಬಾಯಿ ಬಿಡಿಸಲಾಗಲಿಲ್ಲ. ಆಮೇಲೆ ಕೊಮೋ ಮನೆತನದವರು ಸಾಕಿದರು. 1912ರಲ್ಲಿ ಸಾಯುವವರೆಗೆ ಆತ ಈ ಜನರ ನಡುವೆಯೇ ಇದ್ದ. ಕಲ್ಲಿನ ಮೇಲೆ ಹೆಸರೊಂದೇ ಇದೆ. ಹುಟ್ಟಿದೂರಿಲ್ಲ, ಅಪ್ಪನ ಹೆಸರಿಲ್ಲ. 'ಯಾರ ಮಗ' ಎಂದು ಮೊದಲು ಕೇಳುವ ಊರಿನಲ್ಲಿ!

ಮಾವಿಲೆಟ್ ಬೀಚಿನಲ್ಲಿ ಮರಳು ಅಷ್ಟುದ್ದ, ನೀರು ಮಂಜುಗಡ್ಡೆ. ಪಾದ ಇಟ್ಟು ಓಡಿ ಬಂದೆವು. ಬಿಸಿಲು ಚುರುಗುಟ್ಟುತ್ತಿದ್ದರೂ ಗಾಳಿ ತಣ್ಣಗೆ, ಸ್ವೆಟರ್ ಬೇಕೇ ಬೇಕು. ಬರುವಾಗ ಒಳದಾರಿ ನೋಡೋಣವೆಂದು ಕಾಡಿನ ಕಡೆ ಜಲ್ಲಿ ರಸ್ತೆಗೆ ತಿರುಗಿಸಿದೆವು, ನಾಲ್ಕು ಕಿಲೋಮೀಟರಿಗೆ ಟಯರ್ ಪಂಕ್ಚರ್. ಫೋನಿಗೆ ಸಿಗ್ನಲ್ ಇಲ್ಲ. ಸ್ಟೆಪ್ನಿ ಇತ್ತು, ಜ್ಯಾಕ್ ಜಲ್ಲಿಯಲ್ಲಿ ಹೂತುಹೋಗುತ್ತಿತ್ತು. ಸೊಳ್ಳೆಗಳಿಗೆ ಹಬ್ಬ. ಅರ್ಧ ಗಂಟೆಗೆ ಒಂದು ಪಿಕಪ್ ಬಂತು. ಇಳಿದವನು ಒಂದೂ ಮಾತಾಡದೆ ತನ್ನ ಗಾಡಿಯಿಂದ ಹಲಗೆ ತಂದು ಜ್ಯಾಕಿನ ಕೆಳಗಿಟ್ಟ, ಹತ್ತು ನಿಮಿಷದಲ್ಲಿ ಚಕ್ರ ಬದಲಾಯಿತು. ದುಡ್ಡು ಕೊಡಹೋದರೆ ಬೇಡವೆಂದು ಕೈಯಾಡಿಸಿದ. ಅತ್ತೆ ಚೀಲದಿಂದ ಕೋಡುಬಳೆ ತೆಗೆದುಕೊಟ್ಟರು, ಅದನ್ನು ಬೇಡ ಅನ್ನಲಿಲ್ಲ.

ನಾಲ್ಕನೇ ದಿನ

ಸ್ಟೆಪ್ನಿಯಲ್ಲಿ ಹ್ಯಾಲಿಫ್ಯಾಕ್ಸ್‌ವರೆಗೆ ಹೋಗುವುದು ಬೇಡವೆಂದು ಬೆಳಿಗ್ಗೆ ಟಯರ್ ಅಂಗಡಿ ಹುಡುಕಿದೆವು. ಹಬ್ಬದ ವಾರ, ಬಾಗಿಲು ಹಾಕಿತ್ತು. ಎದುರು ಮನೆಯಾಕೆ ನಮ್ಮನ್ನು ನೋಡಿ ಒಳಗೆ ಹೋಗಿ ಫೋನ್ ಮಾಡಿದರು. ಕಾಲು ಗಂಟೆಗೆ ಅಂಗಡಿಯಾತ ಬಂದ. ಕಾರಿನ ಕಿಟಕಿಯಲ್ಲಿ ಬಗ್ಗಿ ಅತ್ತೆಯನ್ನು ನೋಡಿದವನೇ, "ಓ, ಸ್ಟೀಲ್ ತಟ್ಟೆ ಬಡಿದವರು! ನಿನ್ನೆ ಜಲ್ಲಿ ರಸ್ತೆಯಲ್ಲಿ ಸಿಕ್ಕಿಕೊಂಡವರು!" ಎಂದ. ಪಿಕಪ್ಪಿನವನು ಆತನ ಭಾವಮೈದುನ. ಕೋಡುಬಳೆ ಅವರ ಮನೆಯಲ್ಲಿ ರಾತ್ರಿಯೇ ಖಾಲಿಯಾಗಿತ್ತು.

ಪ್ಯಾಚ್ ಹಾಕಿದ್ದಕ್ಕೆ 20 ಡಾಲರ್ ತೆಗೆದುಕೊಂಡ, ರಸೀದಿ ಬರೆಯಲು ಹೆಸರು ಕೇಳಿದ. ಇವರು ಹೇಳಿದ ಹೆಸರನ್ನು ಎರಡು ಸಲ ಬರೆಯಲು ಹೋಗಿ ಸೋತು, ಕೊನೆಗೆ ಫ್ರೆಂಚಿನಲ್ಲಿ ಏನೋ ಗೀಚಿದ. ಪುಟ್ಟಿ ಓದಿ ಹೇಳಿದಳು: 'ತಟ್ಟೆ ಅಜ್ಜಿಯ ಮಗ'. ಹೊರಡುವಾಗ ಅತ್ತೆಗೆ ಒಂದು ಪೊಟ್ಟಣ ಡಲ್ಸ್ ಕೊಟ್ಟ. ಒಣಗಿಸಿದ ಕೆನ್ನೇರಳೆ ಕಡಲಪಾಚಿ, ಇಲ್ಲಿಯವರು ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಮೀನಲ್ಲ ತಾನೇ ಎಂದು ಅತ್ತೆ ಪುಟ್ಟಿಯ ಬಾಯಲ್ಲಿ ಎರಡೆರಡು ಸಲ ಕೇಳಿಸಿದರು. ಡಿಗ್ಬಿ ಬರುವಷ್ಟರಲ್ಲಿ ಪೊಟ್ಟಣ ಮುಗಿದಿತ್ತು, ನಮಗೆ ಒಂದು ಚೂರೂ ಉಳಿಸಿರಲಿಲ್ಲ.